ಮೈದಾನದಲ್ಲಿ 64 ಮಕ್ಕಳು, ಓಡುವವರು ನಾಲ್ಕೇ ಮಂದಿ

ಓದುಗರ ಪತ್ರ (ಸಂಕ್ಷಿಪ್ತವಾಗಿ): ಕಾಲೇಜಿನಲ್ಲಿ ಖೋಖೋ ಆಡಿದವಳು ನಾನು. ಮದುವೆಯಾಗಿ ಹುನಗುಂದ ತಾಲೂಕಿನ ಹಳ್ಳಿಗೆ ಬಂದು ಹೊಲಿಗೆ ಅಂಗಡಿ ಇಟ್ಟಿದ್ದೇನೆ. ನಮ್ಮೂರ ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ದೈಹಿಕ ಶಿಕ್ಷಕರಿಲ್ಲ. ಐದರಿಂದ ಏಳನೇ ತರಗತಿಯ 64 ಮಕ್ಕಳಿಗೆ ವಾರದಲ್ಲಿ ಎರಡು ದಿನ, ನಲವತ್ತು ನಿಮಿಷ, ಪುಕ್ಕಟೆ ಆಟ ಕಲಿಸಲು ತಯಾರಿದ್ದೇನೆ. ಮುಖ್ಯ ಗುರುಗಳು ‘ಆಟಕ್ಕ ಬಿಟ್ರ ಓದು ಕೆಡ್ತದ’ ಅನ್ನುತ್ತಾರೆ. ಶಾಲೆಯಲ್ಲಿ ಇರುವುದು ಎರಡು ವಾಲಿಬಾಲ್, ಒಂದಕ್ಕೆ ಗಾಳಿ ನಿಲ್ಲುವುದಿಲ್ಲ. ಏಳನೇ ತರಗತಿಯ ಹುಡುಗಿಯರು ಮೈದಾನಕ್ಕೆ ಇಳಿಯುವುದೇ ಇಲ್ಲ. ಬೆಳಗಾವಿ ಜಿಲ್ಲೆಯ ಮಲಪ್ರಭಾ ಜಾಧವ ಅವರಂಥ ಒಬ್ಬಳನ್ನಾದರೂ ತಯಾರು ಮಾಡಬೇಕೆಂಬ ಆಸೆ. ಎಲ್ಲಿಂದ ಸುರು ಮಾಡಲಿ?

ಸಂಪಾದಕರ ಉತ್ತರ:

ಪ್ರಿಯ ಸಹೋದರಿ,

ನಿಮ್ಮ ಕೊನೆಯ ಆಸೆಯನ್ನೇ ಮೊದಲು ಹಿಡಿಯೋಣ. ಮಲಪ್ರಭಾ ಜಾಧವ 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಕುರಾಶ್ ಎಂಬ ಕುಸ್ತಿಯಂಥ ಆಟದ 52 ಕೆ.ಜಿ. ವಿಭಾಗದಲ್ಲಿ ಕಂಚು ಗೆದ್ದವರು. ಅಂಥ ಪದಕಕ್ಕೆ ದಿನಂಪ್ರತಿ ತರಬೇತಿ ಬೇಕು, ಅದನ್ನೇ ಉದ್ಯೋಗ ಮಾಡಿಕೊಂಡ ತರಬೇತುದಾರರು ಬೇಕು. ವಾರಕ್ಕೆ ಎಂಬತ್ತು ನಿಮಿಷ ಶಾಲೆಗೆ ಹೋಗುವ ಸ್ವಯಂಸೇವಕಿಯ ಕೆಲಸ ಬೇರೆ. ಚುರುಕಿನ ಹನ್ನೆರಡು ಮಕ್ಕಳನ್ನು ಆರಿಸಿಕೊಂಡು ಕ್ಲಸ್ಟರ್ ಮಟ್ಟದ ಪಂದ್ಯಕ್ಕೆ ತಯಾರು ಮಾಡುವುದು ಸುಲಭ, ಹೆಸರೂ ಬರುತ್ತದೆ. ಆದರೆ ಆ ಹನ್ನೆರಡು ಮಂದಿ ನೀವು ಬರದಿದ್ದರೂ ಓಡುತ್ತಾರೆ. ಉಳಿದ 52 ಮಂದಿಗಾಗಿ ನೀವು ಹೋಗಬೇಕು.

ನಿಮ್ಮ ಖೋಖೋವನ್ನೇ ನೋಡಿ. ಬೆನ್ನಟ್ಟುವ ತಂಡದಲ್ಲಿ ಎಂಟು ಮಂದಿ ಕುಂತಿರುತ್ತಾರೆ, ಒಬ್ಬಳು ಓಡುತ್ತಾಳೆ. ಎದುರು ತಂಡದಿಂದ ಒಂದು ಸಲಕ್ಕೆ ಒಳಗೆ ಇಳಿಯುವವರು ಮೂವರು. ಅಂದರೆ 64 ಮಕ್ಕಳನ್ನು ಮೈದಾನಕ್ಕೆ ಕರೆತಂದು ಒಂದು ಖೋಖೋ ಹಚ್ಚಿದರೆ ಯಾವುದೇ ಹೊತ್ತಿನಲ್ಲಿ ಓಡುತ್ತಿರುವವರು ನಾಲ್ಕೇ ಮಂದಿ. ಮಿಕ್ಕವರು ಚಪ್ಪಾಳೆ ತಟ್ಟುತ್ತಾರೆ, ಆಮೇಲೆ ಮಣ್ಣಿನಲ್ಲಿ ಗೀರುತ್ತಾರೆ, ಆಮೇಲೆ ಜಗಳ ತೆಗೆಯುತ್ತಾರೆ. ‘ಔಟಾದವರು ಹೊರಗೆ’ ಎನ್ನುವ ಆಟಗಳದು ಇನ್ನೂ ವಿಚಿತ್ರ. ಮೊದಲು ಔಟಾಗುವವಳು ಎಲ್ಲರಿಗಿಂತ ನಿಧಾನದವಳು, ಎಲ್ಲರಿಗಿಂತ ಹೆಚ್ಚು ಅಭ್ಯಾಸ ಬೇಕಾದವಳು. ಅವಳನ್ನೇ ಮೊದಲು ಕೂಡಿಸುತ್ತೇವೆ. ಆದ್ದರಿಂದ ನಿಮಗೆ ನಮ್ಮ ಒಂದೇ ಸೂತ್ರ: ಆಟ ಯಾವುದೇ ಇರಲಿ, ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ಯಾವ ಮಗುವೂ ಪಾಳಿ ಕಾಯುತ್ತ ನಿಂತಿರಬಾರದು.

ಮುಖ್ಯ ಗುರುಗಳ ಮಾತಿಗೆ ಬರುತ್ತೇವೆ. ಅವರ ಮೇಲೆ ಕಲಿಕೆಯ ಫಲಿತಾಂಶದ ಒತ್ತಡವಿದೆ, ಅವರನ್ನು ಆಟದ ವೈರಿ ಎಂದು ತಿಳಿಯಬೇಡಿ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2010ರಲ್ಲಿ ಶಾಲೆಯ ವ್ಯಾಯಾಮಕ್ಕೂ ಓದಿಗೂ ಇರುವ ಸಂಬಂಧದ ಬಗ್ಗೆ 50 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿತು. ಅವುಗಳಲ್ಲಿ ಸಿಕ್ಕ ಸಂಬಂಧಗಳಲ್ಲಿ ಸುಮಾರು ಅರ್ಧದಷ್ಟು ಓದಿಗೆ ಅನುಕೂಲ, ಹೆಚ್ಚುಕಡಿಮೆ ಉಳಿದರ್ಧದಲ್ಲಿ ವ್ಯತ್ಯಾಸವಿಲ್ಲ, ಓದಿಗೆ ಅಡ್ಡಿ ಎಂದು ಕಂಡಿದ್ದು ಶೇ. 1.5 ಮಾತ್ರ. ‘ಆಡಿದರೆ ಅಂಕ ಏರುತ್ತವೆ’ ಎಂದು ಮಾತು ಕೊಡಬೇಡಿ. ‘ಓದು ಕೆಡುವುದಿಲ್ಲ’ ಎಂದಷ್ಟೇ ಹೇಳಿ, ಅದು ಗಟ್ಟಿ ಮಾತು. ಜೊತೆಗೆ 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಆಟದ ಮೈದಾನ, ಆಟದ ಸಾಮಗ್ರಿ ಎರಡೂ ಇವೆ. ಇದನ್ನು ಜಗಳಕ್ಕೆ ಬಳಸುವುದಕ್ಕಿಂತ ಅರ್ಜಿಯಲ್ಲಿ ಒಂದು ಸಾಲು ಬರೆಯುವುದು ಲೇಸು.

ಆ ಅರ್ಜಿ ಮುಖ್ಯ ಗುರುಗಳ ಹೆಸರಿಗಿರಲಿ: ಯಾವ ದಿನ, ಎಷ್ಟು ಹೊತ್ತು, ಯಾವ ತರಗತಿ, ಸಂಭಾವನೆ ಬೇಡ. ಆಧಾರ್ ಪ್ರತಿ, ನಿಮ್ಮ ಕ್ರೀಡಾ ಪ್ರಮಾಣಪತ್ರಗಳ ಪ್ರತಿ ಲಗತ್ತಿಸಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಠರಾವು ಆಗಲಿ, ಅದರ ಒಂದು ಪ್ರತಿ ನಿಮ್ಮ ಹತ್ತಿರ ಇರಲಿ. ಕೇಂದ್ರ ಸರಕಾರದ ವಿದ್ಯಾಂಜಲಿ ಪೋರ್ಟಲ್‌ನಲ್ಲಿಯೂ ಸ್ವಯಂಸೇವಕಿ ಎಂದು ಹೆಸರು ನೋಂದಾಯಿಸಬಹುದು. ಮೈದಾನದಲ್ಲಿ ನೀವಿದ್ದಾಗ ಶಾಲೆಯ ಒಬ್ಬ ಗುರುಗಳೋ ಅಕ್ಕೋರೋ ಇರಲೇಬೇಕು, ಇದು ನಿಮಗೂ ರಕ್ಷಣೆ. ಮಕ್ಕಳ ಜವಾಬ್ದಾರಿ ಕಾನೂನಿನ ಪ್ರಕಾರ ಶಾಲೆಯದು. ಯಾವ ಮಗುವನ್ನೂ ಒಂಟಿಯಾಗಿ ಕೋಣೆಗೆ ಕರೆಯುವುದು ಬೇಡ, ಫೋಟೋ ತೆಗೆದು ಸ್ಟೇಟಸ್‌ಗೆ ಹಾಕುವುದೂ ಬೇಡ.

ಇನ್ನು ನೆಲ. ನಿಮ್ಮ ಕಡೆಯದು ಎರಿ ಭೂಮಿಯಾದರೆ ಮಳೆಗಾಲದಲ್ಲಿ ಕಾಲಿಗೆ ಮೆತ್ತುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಮಗುವಿನ ಹಿಮ್ಮಡಿ ಸಿಕ್ಕಿಕೊಳ್ಳುವಷ್ಟು ಅಗಲದ ಬಿರುಕಿನಲ್ಲಿ ಕಾಲು ತಿರುಚಿದರೆ ವಾರಗಟ್ಟಲೆ ಕುಂಟಬೇಕಾಗುತ್ತದೆ. ಇಡೀ ಮೈದಾನ ಸುಧಾರಿಸಲು ಹೋಗಬೇಡಿ. 30 ಮೀಟರ್ ಉದ್ದ, 20 ಮೀಟರ್ ಅಗಲದ ಒಂದು ತುಂಡು ಆರಿಸಿ, ಬಿರುಕುಗಳಿಗೆ ಗರಸು ತುಂಬಿ, ನೀರು ಹೊಡೆದು ದಮ್ಮಸು ಮಾಡಿಸಿ. ಗ್ರಾಮ ಪಂಚಾಯ್ತಿಯವರನ್ನು ಕೇಳಿದರೆ ಒಂದೆರಡು ಟ್ರ್ಯಾಕ್ಟರ್ ಗರಸು ಸಿಗುವುದು ಕಷ್ಟವಲ್ಲ. ನೆಗ್ಗಿಲ ಮುಳ್ಳು, ಜಾಲಿ ಮುಳ್ಳು, ಗಾಜಿನ ಚೂರು ಹುಡುಕುವುದು ಪ್ರತಿ ಸಲದ ಕೆಲಸ. ಮಕ್ಕಳು ತೋಳು ತಾಗುವಂತೆ ಸಾಲಾಗಿ ನಿಂತು, ತಲೆ ಬಗ್ಗಿಸಿ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದರೆ ಮೂರು ನಿಮಿಷದಲ್ಲಿ ಮುಗಿಯುತ್ತದೆ.

ಗೆರೆ ಹಾಕಲು ಸುಟ್ಟ ಸುಣ್ಣದ ಪುಡಿ ಮುಟ್ಟಬೇಡಿ, ಕಣ್ಣಿಗೆ ಬಿದ್ದರೆ ಸುಡುತ್ತದೆ. ಚಾಕ್ ಪುಡಿ ಅಥವಾ ಜರಡಿ ಹಿಡಿದ ಒಲೆಯ ಬೂದಿ ಸಾಕು. ಚೌಕ ಸೊಟ್ಟಾಗದಿರಲು ಮೂಲೆಯಿಂದ ಮೂಲೆಗೆ ಹಗ್ಗ ಹಿಡಿದು ನೋಡಿ. ಮಕ್ಕಳ ಕಬಡ್ಡಿ ಅಂಕಣ 11 ಮೀಟರ್ ಉದ್ದ, 8 ಮೀಟರ್ ಅಗಲವಿದ್ದರೆ ಎರಡೂ ಕರ್ಣಗಳು 13.60 ಮೀಟರ್ ಬರಬೇಕು. 27 ಮೀಟರ್ ಉದ್ದ, 16 ಮೀಟರ್ ಅಗಲದ ಪೂರ್ಣ ಖೋಖೋ ಅಂಕಣಕ್ಕೆ 31.38 ಮೀಟರ್. ಏಳನೇ ತರಗತಿಯ ಮಕ್ಕಳ ಕೈಯಿಂದಲೇ ಅಳೆಸಿ. ಪೈಥಾಗೊರಸ್ ಎಂಬ ಹೆಸರು ಹೇಳದಿದ್ದರೂ ನಡೆಯುತ್ತದೆ, ಆದರೆ ಗಣಿತದ ಗುರುಗಳು ನಿಮ್ಮ ಪಕ್ಷಕ್ಕೆ ಬರುತ್ತಾರೆ.

ಈಗ ನಲವತ್ತು ನಿಮಿಷದ ಲೆಕ್ಕ. ನಿಮ್ಮದು ಹೊಲಿಗೆ ಅಂಗಡಿ, ಇದಕ್ಕಿಂತ ಅನುಕೂಲ ಬೇರೆ ಬೇಕೆ! ಕುಪ್ಪಸದ ಚೂರುಗಳಿಂದ 40 ಸೆಂಟಿಮೀಟರ್ ಉದ್ದದ ಪಟ್ಟಿ ಎಂಬತ್ತು ಕತ್ತರಿಸಿಕೊಳ್ಳಿ. ಪ್ರತಿ ಮಗು ಒಂದನ್ನು ಸೊಂಟಕ್ಕೆ ಬಾಲದಂತೆ ಸಿಕ್ಕಿಸಿಕೊಳ್ಳಲಿ, ಗಂಟು ಹಾಕುವುದು ಬೇಡ, ಎಳೆದರೆ ತಟ್ಟನೆ ಬರಬೇಕು. ಬೇರೆಯವರ ಬಾಲ ಕಸಿಯುವುದು, ತನ್ನದನ್ನು ಕಾಯುವುದು. ಬಾಲ ಹೋದವರು ಹೊರಗೆ ಹೋಗುವುದಿಲ್ಲ, ಬುಟ್ಟಿಯಿಂದ ಇನ್ನೊಂದು ತಂದು ಮತ್ತೆ ಇಳಿಯುತ್ತಾರೆ. ಐದು ನಿಮಿಷದಲ್ಲಿ 64 ಮೈಗಳೂ ಬಿಸಿಯಾಗುತ್ತವೆ. ತಣ್ಣನೆಯ ಮೈಯಲ್ಲಿ ನಿಂತು ಸ್ನಾಯು ಜಗ್ಗುವ ಹಳೆಯ ಪದ್ಧತಿಗಿಂತ ಇದೇ ವಾಸಿ.

ಆಮೇಲೆ ಎರಡು ಪಾಲು ಮಾಡಿ, 32 ಮತ್ತು 32. ಒಂದು ಪಾಲಿಗೆ ಕಿರು ಖೋಖೋ. 12 ಮೀಟರ್ ಉದ್ದ, 8 ಮೀಟರ್ ಅಗಲದ ನಾಲ್ಕು ಅಂಕಣ, ಪ್ರತಿಯೊಂದರಲ್ಲಿ ಎಂಟು ಮಂದಿ: ನಾಲ್ವರು ಕೂತವರು, ಒಬ್ಬಳು ಬೆನ್ನಟ್ಟುವವಳು, ಇಬ್ಬರು ತಪ್ಪಿಸಿಕೊಳ್ಳುವವರು, ಒಬ್ಬಳು ಎಣಿಸುವವಳು. ಒಂದೊಂದೇ ನಿಮಿಷಕ್ಕೆ ಪಾಳಿ ಬದಲು. ಈ ನಾಲ್ಕು ಅಂಕಣ ಆ ದುರಸ್ತಿಯ ತುಂಡಿನಲ್ಲೇ ಹಿಡಿಯುತ್ತವೆ, ನಡುವೆ ಎರಡು ಮೀಟರ್ ಜಾಗ ಬಿಡಿ. ಕಂಬದ ಬದಲು ನೆಲದ ಮೇಲೆ ಒಂದು ವೃತ್ತ ಸಾಕು. ಕಲ್ಲು ಇಡಬೇಡಿ, ಎಡವುತ್ತಾರೆ. ‘ಖೋ’ ಕೊಡುವಾಗ ಬೆನ್ನಿಗೆ ಅಂಗೈ ಮುಟ್ಟಬೇಕು, ದೂಕಬಾರದು. ಮಕ್ಕಳ ಮೂಗು, ಹಲ್ಲು ಒಡೆಯುವುದು ಹೆಚ್ಚಾಗಿ ಇಲ್ಲಿಯೇ. ಉಳಿದದ್ದು ನಿಮಗೆ ನಾವು ಹೇಳಿಕೊಡಬೇಕಾದದ್ದಲ್ಲ.

ಇನ್ನೊಂದು ಪಾಲಿಗೆ ಎಸೆತ, ಹಿಡಿತ. ಇದನ್ನು ಬಿಡದೆ ಮಾಡಿಸಿ, ಮುಖ್ಯವಾಗಿ ಹುಡುಗಿಯರಿಂದ. ಚಿಂದಿ ಬಟ್ಟೆ ಒತ್ತಿ ತುಂಬಿ, ಮುಷ್ಟಿಗಿಂತ ತುಸು ದೊಡ್ಡದಾಗಿ ಹದಿನಾರು ಚೆಂಡು ಹೊಲಿದರೆ ಇಬ್ಬರಿಗೊಂದು ಆಗುತ್ತದೆ. ಬಲಗೈಯಲ್ಲಿ ಎಸೆಯುವ ಹುಡುಗಿ ಬಲಗಾಲನ್ನೇ ಮುಂದಿಟ್ಟು, ಎದೆ ಎದುರಿಗಿಟ್ಟು, ಮೊಣಕೈಯಿಂದ ಮಾತ್ರ ತಳ್ಳುತ್ತಿದ್ದರೆ ಚೆಂಡು ನಾಲ್ಕು ಮೀಟರ್‌ಗೆ ಬೀಳುತ್ತದೆ. ಕೈಯಲ್ಲಿ ಶಕ್ತಿ ಇಲ್ಲವೆಂದಲ್ಲ. ಎಸೆಯುವ ಕೈಗೆ ಎದುರು ಬದಿಯ ಕಾಲು ಮುಂದೆ ಹೋಗದಿದ್ದರೆ ಸೊಂಟ ತಿರುಗುವುದಿಲ್ಲ, ಸೊಂಟ ತಿರುಗದಿದ್ದರೆ ಮೈಯ ಬಲ ಚೆಂಡಿಗೆ ಮುಟ್ಟುವುದಿಲ್ಲ. ನೆಲದ ಮೇಲೆ ಎರಡು ಹೆಜ್ಜೆ ಗುರುತು ಬರೆಯಿರಿ, ಎಡ ಹೆಜ್ಜೆ ಮುಂದೆ, ಬಲ ಹೆಜ್ಜೆ ಹಿಂದೆ ಅಡ್ಡವಾಗಿ. ಎಡ ಭುಜ ಗೆಳತಿಯ ಕಡೆಗೆ. ‘ಎಡಗಾಲ ಮುಂದ, ಮೊಣಕೈ ಮ್ಯಾಲ’ ಎರಡೇ ಮಾತು, ಮೂರನೆಯದು ಹೇಳಿದರೆ ಎಲ್ಲವೂ ಮರೆತುಹೋಗುತ್ತದೆ. ಎಡಚರಿಗೆ ಇದು ತಿರುವುಮುರುವು, ಅವರನ್ನು ಬಲಗೈಗೆ ಹಚ್ಚಬೇಡಿ. ಹಿಡಿಯುವಾಗ ಕಣ್ಣು ಮುಚ್ಚುವ ಮಗುವಿಗೆ ದೊಡ್ಡ ಚೆಂಡನ್ನು ನೆಲಕ್ಕೆ ಪುಟಿಸಿ ಕೊಡಿ, ಹೆದರಿಕೆ ತಾನೇ ಬಿಡುತ್ತದೆ. ಗಾಳಿ ನಿಲ್ಲದ ನಿಮ್ಮ ಆ ವಾಲಿಬಾಲ್ ಇದಕ್ಕೇ ಸರಿ, ಅರ್ಧ ಗಾಳಿಯ ಚೆಂಡು ಕೈಗೆ ಬಡಿಯುವುದಿಲ್ಲ. ಇನ್ನೊಂದನ್ನು ಉಳಿಸಿಕೊಳ್ಳಬೇಕೆಂದರೆ ಪಂಪಿನ ಸೂಜಿಯನ್ನು ಪ್ರತಿ ಸಲ ಒದ್ದೆ ಮಾಡಿ ಚುಚ್ಚಿ. ಒಣ ಸೂಜಿಯಿಂದ ವಾಲ್ವ್ ಹರಿಯುತ್ತದೆ, ಎಷ್ಟೋ ಶಾಲೆಗಳಲ್ಲಿ ಚೆಂಡು ಸಾಯುವುದು ಹೀಗೆಯೇ.

ಹನ್ನೆರಡು ನಿಮಿಷಕ್ಕೆ ಎರಡೂ ಪಾಲು ಅದಲುಬದಲು. ಉಳಿದ ಹೊತ್ತು ನೀರು, ನಿಧಾನ ನಡಿಗೆ, ತಲೆ ಎಣಿಕೆ. ಸೀಟಿ ಕಡಿಮೆ ಊದಿ: ಒಂದು ಉದ್ದ ಸೀಟಿಗೆ ನಿಲ್ಲುವುದು, ಅಷ್ಟೇ.

ವಿಶ್ವ ಆರೋಗ್ಯ ಸಂಸ್ಥೆ 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವ ಚಟುವಟಿಕೆ ಬೇಕೆನ್ನುತ್ತದೆ. ವಾರಕ್ಕೆ 420 ನಿಮಿಷವಾಯಿತು, ನೀವು ಕೊಡುವುದು 80. ಮಿಕ್ಕಿದ್ದನ್ನು ಮಕ್ಕಳು ಓಣಿಯಲ್ಲಿ ತುಂಬಿಕೊಳ್ಳಬೇಕು. ಹಾಗಾಗಿ ಮನೆ ಮುಂದೆ ದುಡ್ಡಿಲ್ಲದೆ ಆಡಬಹುದಾದ ಆಟಗಳನ್ನೇ ಹೆಚ್ಚು ಕಲಿಸಿ: ಲಗೋರಿ, ಕುಂಟಾಬಿಲ್ಲೆ, ಹಗ್ಗದಾಟ. ಹಗ್ಗದ ಅಳತೆ ಹೀಗೆ: ನಡುವೆ ಕಾಲಿಟ್ಟು ನಿಂತರೆ ಎರಡೂ ತುದಿ ಕಂಕುಳಿಗೆ ಬರಬೇಕು. ತೆಳ್ಳನೆ ಪ್ಲಾಸ್ಟಿಕ್ ಹಗ್ಗ ಗಾಳಿಗೆ ತೇಲುತ್ತದೆ, ಬೆರಳು ದಪ್ಪದ ನೂಲಿನ ಹಗ್ಗ ತನ್ನ ಭಾರಕ್ಕೇ ತಿರುಗುತ್ತದೆ.

ಏಳನೇ ತರಗತಿಯ ಹುಡುಗಿಯರು ಯಾಕೆ ಇಳಿಯುವುದಿಲ್ಲ ಎಂಬುದನ್ನು ಅವರನ್ನೇ ಕೇಳಿ. ಗುರುಗಳಿಗೆ ಹೇಳದ್ದನ್ನು ನಿಮಗೆ ಹೇಳುತ್ತಾರೆ, ನೀವು ಹೆಣ್ಣುಮಗಳಾಗಿರುವುದರ ಬಹುದೊಡ್ಡ ಉಪಯೋಗ ಇಲ್ಲಿಯೇ. ಕಂಪೌಂಡ್ ಗೋಡೆಯ ಮೇಲೆ ಕೂರುವ ದೊಡ್ಡ ಹುಡುಗರು, ಜಾರುವ ವೇಲು, ಶೌಚಾಲಯದಲ್ಲಿ ನೀರಿಲ್ಲದಿರುವುದು, ಮುಟ್ಟಿನ ದಿನಗಳ ಭಯ, ಇವುಗಳಲ್ಲಿ ಒಂದೋ ನಾಲ್ಕೋ ಇರುತ್ತವೆ. ಗೋಡೆಯ ಹುಡುಗರನ್ನು ಎಬ್ಬಿಸುವುದು ಎಸ್‌ಡಿಎಂಸಿಯವರ ಕೆಲಸ. ವೇಲನ್ನು ಅಡ್ಡ ಕಟ್ಟಿ ಸೊಂಟಕ್ಕೆ ಬಿಗಿದರಾಯಿತು. ಮುಟ್ಟಿನಲ್ಲಿ ಆಡಿದರೆ ಮೈಗೆ ಕೆಡುಕಿಲ್ಲ. ಆಡಬೇಕೋ ಬೇಡವೋ ಅವಳೇ ಹೇಳಲಿ, ಕಾರಣ ಎಲ್ಲರೆದುರು ಕೇಳಬೇಡಿ. ಎರಡು ಸುತ್ತಿಗೇ ಏದುಸಿರು ಬಿಟ್ಟು ಕೂರುವ ಹುಡುಗಿಯನ್ನು ಮೈಗಳ್ಳಿ ಎನ್ನುವ ಮೊದಲು ಕೆಳ ಕಣ್ರೆಪ್ಪೆಯ ಒಳಭಾಗ ನೋಡಿ. ಬಿಳಿಚಿದ್ದರೆ ರಕ್ತಹೀನತೆ ಇರಬಹುದು. ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಕಬ್ಬಿಣಾಂಶದ ಗುಳಿಗೆ ನುಂಗುತ್ತಾಳೋ ಕಿಟಕಿಯಿಂದ ಎಸೆಯುತ್ತಾಳೋ ಅಕ್ಕೋರನ್ನು ಕೇಳಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಿ. ಹೃದಯದ ತೊಂದರೆ, ದಮ್ಮು, ಫಿಟ್ಸ್ ಇರುವ ಮಕ್ಕಳ ಹೆಸರುಗಳನ್ನು ಮೊದಲ ದಿನವೇ ಮುಖ್ಯ ಗುರುಗಳಿಂದ ಬರೆದುಕೊಳ್ಳಬೇಕು.

ಗಾಜಿನ ಬಳೆ, ಕಾಲ್ಗೆಜ್ಜೆ ತೆಗೆಸಿ ಒಂದು ಡಬ್ಬಿಯಲ್ಲಿಡಿ. ಬಿಸಿಯೂಟದ ನಂತರ ಒಂದು ತಾಸಾದರೂ ಓಡಿಸಬೇಡಿ. ನಮ್ಮ ಬಿಸಿಲು ಗೊತ್ತಿದ್ದದ್ದೇ: ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರ, ಬಾಗಲಕೋಟೆಯ ಸರಕಾರಿ ಕಚೇರಿಗಳೇ ಬೆಳಗಿನ ಎಂಟಕ್ಕೆ ಬದಲಾಗುತ್ತವೆ. ಫೆಬ್ರುವರಿ ದಾಟಿದ ಮೇಲೆ ಶನಿವಾರದ ಬೆಳಗಿನ ಶಾಲೆಯ ಮೊದಲ ಅವಧಿಯನ್ನೇ ಕೇಳಿ ಪಡೆಯಿರಿ. ತಲೆ ತಿರುಗುತ್ತದೆ, ವಾಕರಿಕೆ ಎಂದರೆ ಆಟ ಅಲ್ಲಿಗೇ ನಿಲ್ಲಬೇಕು: ನೆರಳು, ಒದ್ದೆ ಬಟ್ಟೆ, ಗುಟುಕು ಗುಟುಕಾಗಿ ನೀರು. ಮಾತು ತೊದಲಿದರೆ ಅಥವಾ ಎಚ್ಚರ ತಪ್ಪಿದರೆ ಬಾಯಿಗೆ ನೀರು ಹಾಕಬೇಡಿ, ಮೈ ತಣ್ಣಗೆ ಮಾಡುತ್ತಲೇ 108ಕ್ಕೆ ಕರೆ ಮಾಡಿ. ಕಾಲು ಉಳುಕಿದರೆ ಗಡಿಗೆಯ ತಣ್ಣೀರಿನಲ್ಲಿ ಅದ್ದಿದ ಬಟ್ಟೆ ಸುತ್ತಿ, ಕಾಲು ಎತ್ತರಕ್ಕಿಟ್ಟು ಮಲಗಿಸಿ. ತಿಕ್ಕುವುದು, ಜಗ್ಗಿ ‘ಉಳುಕು ತೆಗೆಯುವುದು’ ಬೇಡವೇ ಬೇಡ, ಒಳಗೆ ಎಲುಬು ಸೀಳಿದ್ದರೆ ಅನಾಹುತವಾಗುತ್ತದೆ.

ಗಲಾಟೆ ಮಾಡಿದ ಮಗುವಿಗೆ ಮೈದಾನ ಸುತ್ತುವ ಅಥವಾ ಬಸ್ಕಿ ಹೊಡೆಯುವ ಶಿಕ್ಷೆ ಕೊಡಬೇಡಿ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ದೈಹಿಕ ಶಿಕ್ಷೆಯನ್ನು ನಿಷೇಧಿಸಿದೆ ಎಂಬುದು ಒಂದು ಮಾತು. ಓಟವನ್ನೇ ಶಿಕ್ಷೆ ಮಾಡಿದ ಮೇಲೆ ಓಡಲು ಬನ್ನಿ ಎಂದು ಯಾವ ಬಾಯಿಂದ ಕರೆಯುತ್ತೀರಿ ಎಂಬುದು ಇನ್ನೊಂದು.

ಸಾಮಗ್ರಿ ಕಪಾಟಿನೊಳಗೇ ಉಳಿಯುವುದು ಮುಖ್ಯ ಗುರುಗಳ ಜಿಪುಣತನದಿಂದಲ್ಲ, ಆಡಿಟ್ ಹೆದರಿಕೆಯಿಂದ. ಕೊಟ್ಟದ್ದು, ವಾಪಸು ಬಂದದ್ದು ಬರೆಯಲು ಒಂದು ವಹಿ ಇಡಿ, ಹರಿದ ಚೆಂಡನ್ನೂ ಎಸೆಯದೆ ಚೀಲದಲ್ಲಿ ಕೂಡಿಡಿ, ಸ್ಟಾಕ್‌ನಿಂದ ತೆಗೆಯಲು ಅದೇ ಸಾಕ್ಷಿ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಹಿರಿಯ ಪ್ರಾಥಮಿಕ ಶಾಲೆಯ ಕ್ರೀಡಾ ಅನುದಾನ ವರ್ಷಕ್ಕೆ 10,000 ರೂಪಾಯಿವರೆಗೆ ಇದೆ. ಅದರಲ್ಲಿ ದುಬಾರಿ ಕ್ರಿಕೆಟ್ ಕಿಟ್ ಒಂದನ್ನು ತರುವ ಬದಲು ಹಗ್ಗ, ರಬ್ಬರ್ ಚೆಂಡು, ರಿಂಗ್‌ಗಳನ್ನು ಹೆಚ್ಚು ಸಂಖ್ಯೆಯಲ್ಲಿ ತರಲು ಹೇಳಿ.

ಪ್ರಗತಿ ತೋರಿಸಿ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಕೇಂದ್ರ ಸರಕಾರದ ಕ್ರೀಡಾ ಯೋಜನೆ ಖೇಲೋ ಇಂಡಿಯಾದ ಶಾಲಾ ದೈಹಿಕ ಪರೀಕ್ಷೆಯಲ್ಲಿ ದೊಡ್ಡ ಮಕ್ಕಳಿಗೆ 50 ಮೀಟರ್ ಓಟ, 600 ಮೀಟರ್ ಓಟ ಅಥವಾ ನಡಿಗೆ ಇವೆ. ಅವುಗಳ ಜೊತೆ 30 ಸೆಕೆಂಡಿನಲ್ಲಿ ಎಷ್ಟು ಸಲ ಹಗ್ಗ ದಾಟಿದರು ಎಂಬುದನ್ನು ಸೇರಿಸಿ, ಜುಲೈನಲ್ಲಿ ಒಮ್ಮೆ, ಜನವರಿಯಲ್ಲಿ ಒಮ್ಮೆ ಬರೆದಿಡಿ. 600 ಮೀಟರನ್ನು ಎಲ್ಲರೂ ಒಟ್ಟಿಗೆ ಓಡುವುದು ಬೇಡ, ಎಂಟೆಂಟು ಮಂದಿ ಸಾಕು, ಕೊನೆಯವಳು ಒಬ್ಬಳೇ ಎಲ್ಲರ ಕಣ್ಣಿಗೆ ಬೀಳುವುದು ತಪ್ಪುತ್ತದೆ. ಅಂಕಿಯನ್ನು ಆ ಮಗುವಿಗೆ ಮಾತ್ರ ಹೇಳಿ, ಅವಳದೇ ಹಿಂದಿನ ಅಂಕಿಯ ಪಕ್ಕದಲ್ಲಿಟ್ಟು. ಮುಖ್ಯ ಗುರುಗಳಿಗೆ ತರಗತಿಯ ಒಟ್ಟು ಸರಾಸರಿ ಕೊಟ್ಟರೆ ಸಾಕು, ಹೆಸರುಗಳ ಪಟ್ಟಿಯನ್ನು ಗೋಡೆಗೆ ಹಚ್ಚಲು ಬಿಡಬೇಡಿ.