8 ಅಂಕಿಯ ಕ್ಯಾಲ್ಕ್ಯುಲೇಟರು, 10 ಅಂಕಿಯ ಸಂಖ್ಯೆ

ಪ್ರಶ್ನೆ: 4294967297 ಅವಿಭಾಜ್ಯವಲ್ಲ, 641ರಿಂದ ಭಾಗವಾಗುತ್ತದೆ ಎಂದು ಮಗಳು ಹೇಳುತ್ತಾಳೆ. ನಮ್ಮ ಅಂಗಡಿಯ 8 ಅಂಕಿಯ ಕ್ಯಾಲ್ಕ್ಯುಲೇಟರಿನಲ್ಲಿ ಅದು ಹಿಡಿಸುವುದೇ ಇಲ್ಲ. ತಾಳೆ ನೋಡುವುದು ಹೇಗೆ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಕೊನೆಯ 297 ಪಕ್ಕಕ್ಕಿಡಿ. 4294967ನ್ನು 641ರಿಂದ ಭಾಗಿಸಿದರೆ 6700 ಚಿಲ್ಲರೆ. ದಶಮಾಂಶದ ಬಾಲ ಬೇಡ, ನಮಗೆ ಬೇಕಾದದ್ದು ಶೇಷ: 641 × 6700 = 4294700; ಕಳೆದರೆ 267. ಅದಕ್ಕೆ 297 ಅಂಟಿಸಿ. 267297 ಸರಿಯಾಗಿ 641ರ 417 ಪಟ್ಟು! 6700ರ ಪಕ್ಕಕ್ಕೆ 417 ಬರೆದರೆ ಭಾಗಲಬ್ಧ 6700417. ಬೇರೆ ಸಂಖ್ಯೆಗಳಲ್ಲಿ ಭಾಗಲಬ್ಧದ ಈ ಎರಡನೇ ತುಂಡು ಮೂರಂಕಿಗಿಂತ ಕಡಿಮೆ ಬಂದರೆ ಎಡಕ್ಕೆ ಸೊನ್ನೆ ತುಂಬಿಸಿ, ಎಡವುವುದು ಅಲ್ಲೇ.

ಇದು 2ರ 32ನೇ ಘಾತಕ್ಕೆ 1 ಕೂಡಿಸಿದ್ದು. ಗಣಿತಜ್ಞ ಫರ್ಮಾ ಇದನ್ನು ಅವಿಭಾಜ್ಯವೆಂದೇ ಊಹಿಸಿದ್ದ. 1732ರಲ್ಲಿ ಇನ್ನೊಬ್ಬ ಗಣಿತಜ್ಞ ಆಯ್ಲರ್ ಆ ಊಹೆಯನ್ನು ಮುರಿದ. ಹುಡುಕಾಟವೇನೂ ಉದ್ದವಲ್ಲ: ಇದರ ಅವಿಭಾಜ್ಯ ಅಪವರ್ತನವನ್ನು 64ರಿಂದ ಭಾಗಿಸಿದರೆ ಶೇಷ 1 ಉಳಿಯಲೇಬೇಕು. ಅಂಥ ಅವಿಭಾಜ್ಯಗಳಲ್ಲಿ 193, 257, 449, 577 ದಾಟಿದರೆ ಐದನೆಯದೇ 641.