ನಾಲ್ಕನೆಯ ಕಾಲಂ ಬರೆಯಲು ಕಲಿತು ನೈರೋಬಿಗೆ ಬನ್ನಿ

ಧಾರವಾಡದಲ್ಲಿ ಸಮಾಜಕಾರ್ಯ ಓದಿ, ಕೆರೆ ಬಳಕೆದಾರರ ಸಂಘಗಳ ಜೊತೆ ದುಡಿದು, ಈಗ ಕೀನ್ಯಾದ ರಾಜಧಾನಿ ನೈರೋಬಿಗೆ ಹೊರಟಿದ್ದೀರಿ. ಅಭಿವೃದ್ಧಿ ಯೋಜನೆ ರೂಪಿಸುವುದನ್ನೂ ಅದರ ಮೌಲ್ಯಮಾಪನವನ್ನೂ ಹೇಗೆ ಕಲಿಯಲಿ, ಅಲ್ಲಿನ ಬದುಕು ಹೇಗೆ ಎಂದು ಕೇಳಿದ್ದೀರಿ.

ಬದುಕಿನ ಮಾತು ಬೇಗ ಮುಗಿಯುತ್ತದೆ. ಊರು ಎತ್ತರದಲ್ಲಿದೆ, ಜುಲೈಯಲ್ಲಿ ಸ್ವೆಟರ್ ಬೇಕು. ಪಾರ್ಕ್‌ಲ್ಯಾಂಡ್ಸ್ ಕಡೆಯ ಅಂಗಡಿಗಳಲ್ಲಿ ಬೇಳೆ, ಮಸಾಲೆ ಸಿಗುತ್ತವೆ. ಕೆಲಸದ ಪರವಾನಗಿ ಕೈಸೇರುವ ಮೊದಲು, ಯಾರು ಎಷ್ಟೇ ಒತ್ತಾಯಿಸಿದರೂ, ಕೆಲಸಕ್ಕೆ ಕೂರಬೇಡಿ. ಇನ್ನೊಂದು ವಿಷಯ: 2025ರಲ್ಲಿ ಅಮೆರಿಕದ ವಿದೇಶಿ ನೆರವಿನ ಸಂಸ್ಥೆ ಯುಎಸ್‌ಎಐಡಿ ಕಳಚಿಬಿದ್ದ ಮೇಲೆ ಇಲ್ಲಿ ಬಹಳ ಮಂದಿ ನೌಕರಿ ಕಳೆದುಕೊಂಡಿದ್ದಾರೆ. ಅನುಭವಿಗಳೂ ಸಣ್ಣ ಗುತ್ತಿಗೆಗಳಿಗೆ ಸಾಲುಗಟ್ಟಿದ್ದಾರೆ. ಕೈಯಲ್ಲಿ ಕೆಲವು ತಿಂಗಳ ಖರ್ಚು ಇಟ್ಟುಕೊಂಡೇ ಬನ್ನಿ.

ಇನ್ನು ಕಲಿಕೆ. ಎಲ್ಲ ಕಚೇರಿಗಳಲ್ಲೂ ನಿಮ್ಮ ಮುಂದೆ ಮೊದಲು ಬರುವುದು ಲಾಗ್‌ಫ್ರೇಮ್. 1969ರ ಸುಮಾರಿಗೆ ಅದೇ ಯುಎಸ್‌ಎಐಡಿಗಾಗಿ ರೂಪಿಸಿದ ಕೋಷ್ಟಕ ಇದು. ಮೊದಲ ಕಾಲಂನಲ್ಲಿ ಏನು ಮಾಡುತ್ತೇವೆ, ಏನು ಸಾಧಿಸುತ್ತೇವೆ, ಎರಡನೆಯದರಲ್ಲಿ ಅದನ್ನು ಅಳೆಯುವ ಸೂಚಕಗಳು, ಮೂರನೆಯದರಲ್ಲಿ ಪುರಾವೆಯ ಮೂಲ, ನಾಲ್ಕನೆಯದರಲ್ಲಿ ನಾವು ನಿಜವೆಂದು ನಂಬಿಕೊಂಡಿರುವ ಸಂಗತಿಗಳು. ಮೊದಲ ಮೂರನ್ನು ಎಲ್ಲರೂ ಶ್ರದ್ಧೆಯಿಂದ ತುಂಬುತ್ತಾರೆ. ನಾಲ್ಕನೆಯದಕ್ಕೆ ಬರುವ ಹೊತ್ತಿಗೆ ದಣಿದು, ‘ಸಮುದಾಯ ಸಹಕರಿಸುತ್ತದೆ’ ಎಂದು ಗೀಚಿ ಎದ್ದುಬಿಡುತ್ತಾರೆ. ನನಗೆ ಇದನ್ನು ಸಹಿಸಲಾಗದು. ಯೋಜನೆ ಮುರಿಯುವುದು ಅಲ್ಲೇ.

ಒಂದು ಉದಾಹರಣೆ ನೋಡಿ. ಕೀನ್ಯಾದ ಮಚಾಕೋಸ್, ಕಿಟುಯಿ ಕಡೆ ಮರಳು ಅಣೆಕಟ್ಟುಗಳಿವೆ. ಮಳೆಗಾಲದಲ್ಲಷ್ಟೇ ಹರಿಯುವ ಹೊಳೆಗೆ ಅಡ್ಡಗೋಡೆ ಕಟ್ಟಿದರೆ ಹಿಂದೆ ಮರಳು ತುಂಬುತ್ತದೆ, ಆ ಮರಳಿನೊಳಗೆ ನೀರು ನಿಲ್ಲುತ್ತದೆ. ಎಷ್ಟು ಗೋಡೆ ಕಟ್ಟಿದೆವು ಎಂದು ಎಣಿಸುವುದು ಸುಲಭ. ಆದರೆ ಹೊಳೆ ತರುವುದು ಮರಳನ್ನೋ ನುಣ್ಣನೆಯ ಹೂಳನ್ನೋ? ಹೂಳಾದರೆ ಗೋಡೆ ಗಟ್ಟಿಯಾಗಿದ್ದರೂ ಕೈಗೆ ಸಿಗುವ ನೀರು ಅತ್ಯಲ್ಪ. ನಮ್ಮ ರೈತ ಹೊಲಕ್ಕೆ ಆಸೆಪಟ್ಟು ಹೊತ್ತೊಯ್ಯುವ ಹೂಳು ಇಲ್ಲಿ ಯೋಜನೆಯನ್ನೇ ಕೆಡಿಸುತ್ತದೆ. ದಡದ ಜಮೀನಿನವರು ಉಳಿದವರಿಗೆ ದಾರಿ ಬಿಡುತ್ತಾರೆಯೇ? ನೀರು ಹತ್ತಿರವಾದದ್ದರಿಂದ ಉಳಿದ ಸಮಯ ಹೆಂಗಸರ ಪಾಲಿಗೇ ಉಳಿಯಿತೇ? ಇವನ್ನು ಬರೆದುಕೊಂಡರೆ ಮೌಲ್ಯಮಾಪನದ ಅರ್ಧ ಪ್ರಶ್ನೆಗಳು ಅಂದೇ ಸಿದ್ಧ. ಕೆರೆ ಸಂಘದ ಜಗಳಗಳಲ್ಲಿ ಕೂತು ಬಂದ ನಿಮಗೆ ಇವು ಬೇಗ ಹೊಳೆಯುತ್ತವೆ. ಆ ಅನುಭವವನ್ನು ಸಣ್ಣದೆಂದು ತಿಳಿಯಬೇಡಿ.

ಶ್ರೀಮಂತ ದೇಶಗಳೇ ಹೆಚ್ಚಿರುವ ಒಕ್ಕೂಟ ಒಇಸಿಡಿಯ ಆರು ಮೌಲ್ಯಮಾಪನ ಮಾನದಂಡಗಳನ್ನೂ ಓದಿಕೊಳ್ಳಿ. 1991ರಲ್ಲಿ ಐದಿದ್ದವು, 2019ರಲ್ಲಿ ಇತರ ಕಾರ್ಯಕ್ರಮಗಳೊಂದಿಗಿನ ಹೊಂದಾಣಿಕೆ ಸೇರಿತು. ಅವುಗಳಲ್ಲಿ ನನ್ನ ಮಟ್ಟಿಗೆ, ಹಣ ನಿಂತ ಮೇಲೆ ಏನು ಉಳಿಯುತ್ತದೆ ಎಂಬುದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಅದಕ್ಕೇ ಕೀನ್ಯಾದ 47 ಕೌಂಟಿಗಳ, ಅಂದರೆ ಸ್ಥಳೀಯ ಸರ್ಕಾರಗಳ, ಪಂಚವಾರ್ಷಿಕ ಯೋಜನೆಗಳನ್ನು ಓದಿ ಎನ್ನುತ್ತೇನೆ. ನಾಳೆ ಕೊಳವೆಬಾವಿ ರಿಪೇರಿಗೆ ದುಡ್ಡು ಕೇಳಬೇಕಾದದ್ದು ಅವರನ್ನೇ.

ಪ್ರಮಾಣಪತ್ರಕ್ಕೆ ಸಾಲ ಮಾಡಬೇಡಿ. ಕೋಬೋ ಟೂಲ್‌ಬಾಕ್ಸ್‌ನಲ್ಲಿ ಮೊಬೈಲ್ ಸಮೀಕ್ಷೆ ಮಾಡುವುದನ್ನು, ಸಾಧಾರಣ ಸಂಖ್ಯಾಶಾಸ್ತ್ರವನ್ನು ಮನೆಯಲ್ಲೇ ಕಲಿಯಬಹುದು. ಸ್ವಾಹಿಲಿಯನ್ನು ಮಾತ್ರ ಇಂದೇ ಶುರುಮಾಡಿ. ಊರಿನ ಬರಾಝಾ ಸಭೆಯಲ್ಲಿ ಭಾಷಾಂತರಕಾರರು ಒಂದು ವಾಕ್ಯಕ್ಕಿಳಿಸುವ ಮಾತನ್ನು ಅಲ್ಲಿನ ಅಜ್ಜಿ ಹತ್ತು ನಿಮಿಷ ಆಡಿರುತ್ತಾರೆ.

ಹೊರಡುವ ಮುನ್ನ ನೀವು ಕೆಲಸ ಮಾಡಿದ ಒಂದು ಕೆರೆಗೆ ಲಾಗ್‌ಫ್ರೇಮ್ ಬರೆಯಿರಿ, ನಾಲ್ಕನೆಯ ಕಾಲಂನಿಂದ ಆರಂಭಿಸಿ. ನನಗೆ ಕಳುಹಿಸಿದರೆ ಓದಿ, ಗುರುತು ಹಾಕಿ ಹಿಂದಿರುಗಿಸುತ್ತೇನೆ.