ಅಗಲ ಟೈರ್ ಬೇಕೋ, ಒಳ್ಳೆ ರಬ್ಬರ್ ಬೇಕೋ?

ಪ್ರಶ್ನೆ: ಅಕ್ಕಾ, ನಮಸ್ಕಾರ. ಊರು ದಾವಣಗೆರೆ, ಈಗ ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯಲ್ಲಿದ್ದೇನೆ. ಹೋದ ವರ್ಷ 2013ರ ಸಯಾನ್ ಎಫ್‌ಆರ್-ಎಸ್ ಕಾರನ್ನು ಸೆಕೆಂಡ್ ಹ್ಯಾಂಡ್ ತಗೊಂಡೆ. ಚಿಕ್ಕಂದಿನಿಂದ ಸ್ಪೋರ್ಟ್ಸ್ ಕಾರಿನ ಆಸೆ. ಕಂಪನಿ ಕೊಟ್ಟ 17 ಇಂಚಿನ ರಿಮ್, 215/45 ಆರ್17 ಟೈರ್. ಈಗ ಸವೆದಿವೆ. ಭಾನುವಾರ ಬೆಳಗ್ಗೆ ಸ್ಕೈಲೈನ್ ರಸ್ತೆಯ ತಿರುವುಗಳಲ್ಲಿ ಹಿಂಭಾಗ ಸ್ವಲ್ಪ ಜಾರಿದ ಹಾಗಾಗುತ್ತದೆ. ಗೆಳೆಯರು 245 ಹಾಕು ಅಂತಾರೆ. ಇರುವ ರಿಮ್‌ಗೇ ಕೂರುತ್ತದಾ? ಹಿಂದಿನ ಎರಡಕ್ಕೆ ಮಾತ್ರ ಅಗಲ ಟೈರ್ ಹಾಕಿದರೆ ದುಡ್ಡು ಉಳಿಯುತ್ತೆ ಅಲ್ವಾ?

ಉತ್ತರ: ನಿಮ್ಮ ಪತ್ರ ಓದಿ ತುಂಬಾ ಖುಷಿಯಾಯಿತು. ಈ ಕಾರು ನನಗೆ ಗೊತ್ತು. ನನ್ನ ತಮ್ಮ ನ್ಯೂಜೆರ್ಸಿಯಲ್ಲಿದ್ದಾನೆ, ಅವನ ಹತ್ತಿರವೂ ಇದೇ ಕಾರಿದೆ. ಅವನು ಅಗಲ ಟೈರ್ ಹಾಕಿಸಿ ಪಟ್ಟ ಪಾಡನ್ನು ಆಮೇಲೆ ಹೇಳುತ್ತೇನೆ.

ಮೊದಲು ನಿಮ್ಮ ಎರಡು ಪ್ರಶ್ನೆಗೆ ನೇರ ಉತ್ತರ. ಇರುವ ರಿಮ್‌ಗೆ 245 ಬೇಡ. (215, 245 ಅನ್ನುವುದು ಟೈರಿನ ಅಗಲ, ಮಿ.ಮೀ. ಲೆಕ್ಕದಲ್ಲಿ. ಆರ್17 ಅಂದರೆ 17 ಇಂಚಿನ ರಿಮ್‌ಗೆ ಕೂರುವ ಟೈರ್.) ಹಿಂದಿನ ಎರಡಕ್ಕೆ ಮಾತ್ರ ಅಗಲ ಟೈರೂ ಬೇಡ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸುಮ್ನೆ ಬೇಡ ಅಂದರೆ ನಿಮ್ಮ ಗೆಳೆಯರ ಮಾತೇ ಗೆಲ್ಲುತ್ತದೆ!

ಟೊಯೊಟಾ ಮತ್ತು ಸುಬಾರು ಸೇರಿ ಮಾಡಿದ ಕಾರು ಇದು. ಬೇರೆ ದೇಶಗಳಲ್ಲಿ 86 ಅಂತ, ನಿಮ್ಮಲ್ಲಿ ಮೊದಲ ಕೆಲವು ವರ್ಷ ಸಯಾನ್ ಹೆಸರಲ್ಲಿ ಮಾರಿದರು. 200 ಹಾರ್ಸ್‌ಪವರ್, ಸುಮಾರು 1250 ಕಿಲೋ ತೂಕ, ಓಡಿಸುವುದು ಹಿಂದಿನ ಗಾಲಿ. ಇದಕ್ಕೆ ಕಾರ್ಖಾನೆಯಲ್ಲೇ ಹಾಕಿ ಕೊಟ್ಟದ್ದು ಮಿಷಲಿನ್ ಪ್ರೈಮಸಿ ಎಚ್‌ಪಿ ಟೈರ್. ಟೊಯೊಟಾ ಪ್ರಿಯಸ್‌ನ 17 ಇಂಚಿನ ಗಾಲಿಗೂ ಅದೇ ಟೈರ್ ಬರುತ್ತಿತ್ತು. ಮೈಲೇಜ್ ಕಾರಿನ ಟೈರನ್ನು ಸ್ಪೋರ್ಟ್ಸ್ ಕಾರಿಗೆ ಹಾಕಿದ್ದು ಜಿಪುಣತನದಿಂದಲ್ಲ, ಬೇಕೆಂದೇ. ಮುಖ್ಯ ಎಂಜಿನಿಯರ್ ತೆತ್ಸುಯಾ ತಾದಾ ಅವರ ತಂಡಕ್ಕೆ ಬೇಕಾಗಿದ್ದು ಕಡಿಮೆ ವೇಗದಲ್ಲೇ ಮಜಾ ಕೊಡುವ ಕಾರು. ಹಿಡಿತ ಮುಗಿಯುತ್ತಾ ಬಂದಾಗ ಕೈಗೆ, ಸೀಟಿಗೆ ಮೊದಲೇ ತಿಳಿಯಬೇಕು, ಮೆಲ್ಲಗೆ ಜಾರಬೇಕು, ಮೆಲ್ಲಗೆ ವಾಪಸ್ ಬರಬೇಕು. ನಿಮಗೆ ತಿರುವಿನಲ್ಲಿ ಆಗುತ್ತಿರುವುದರಲ್ಲಿ ಅರ್ಧ ಇದು. ಇನ್ನರ್ಧ ನಿಮ್ಮ ಟೈರ್ ಸವೆದಿರುವುದು.

ಈಗ ಅಗಲದ ಮಾತು. ಅಪ್ಪನ ಕಾಲದಿಂದ ನಮ್ಮದು ಬೆಂಗಳೂರಿನಲ್ಲಿ ಟೈರ್ ಮತ್ತು ಅಲೈನ್‌ಮೆಂಟ್ ಅಂಗಡಿ. ನನಗೆ ಹದಿನೈದೋ ಹದಿನಾರೋ ಇದ್ದಾಗ ಅಪ್ಪ ಒಂದು ದಿನ ಕಾರೊಂದನ್ನು ಜಾಕ್ ಮೇಲೆ ಎತ್ತಿ, ಟೈರ್‌ಗೆ ಸೀಲಿನ ಇಂಕ್ ಸವರಿ, ಕೆಳಗೆ ಖಾಕಿ ಕಾಗದ ಇಟ್ಟು ಮೆಲ್ಲಗೆ ಇಳಿಸಿದರು. ಮತ್ತೆ ಎತ್ತಿದಾಗ ಕಾಗದದ ಮೇಲೆ ಟೈರಿನ ಅಚ್ಚು ಬಿದ್ದಿತ್ತು. ಆಮೇಲೆ ಅದೇ ಕಾರಿಗೆ ಅಗಲ ಟೈರ್ ಹಾಕಿ, ಅಷ್ಟೇ ಗಾಳಿ ತುಂಬಿ, ಇನ್ನೊಂದು ಅಚ್ಚು ತೆಗೆದರು. ಎರಡನ್ನೂ ಪಕ್ಕ ಪಕ್ಕ ಇಟ್ಟು ‘ನೋಡು ಪುಟ್ಟಿ, ಯಾವುದು ದೊಡ್ಡದು?’ ಅಂದರು. ಅಗಲ ಟೈರಿನದು ದೊಡ್ಡದಿರುತ್ತೆ ಅಂದುಕೊಂಡಿದ್ದೆ. ಆದರೆ ಎರಡೂ ಹೆಚ್ಚು ಕಮ್ಮಿ ಒಂದೇ. ಮೊದಲನೆಯದು ಉದ್ದಕ್ಕಿತ್ತು, ಎರಡನೆಯದು ಅಡ್ಡಕ್ಕಿತ್ತು.

ಲೆಕ್ಕ ಸುಲಭ. ನೆಲಕ್ಕೆ ತಾಗುವ ಜಾಗ ಬಹುಪಾಲು ಎರಡರ ಮೇಲೆ ನಿಂತಿದೆ: ಗಾಲಿ ಹೊತ್ತ ಭಾರ, ಒಳಗಿನ ಗಾಳಿ. ನಿಮ್ಮ ಕಾರಿನ ಒಂದು ಗಾಲಿ ಹೊರುವುದು ಸುಮಾರು 310 ಕಿಲೋ. ಗಾಳಿ 35 ಪಿಎಸ್‌ಐ. ಭಾಗಿಸಿದರೆ ಸುಮಾರು 125 ಚದರ ಸೆಂಟಿಮೀಟರ್, ಒಂದು ಅಂಗೈಯಷ್ಟು. ಟೈರ್ ಅಗಲ ಮಾಡಿದರೆ ಆ ಅಂಗೈ ತೀರಾ ಹಿಗ್ಗುವುದಿಲ್ಲ, ಅಡ್ಡಕ್ಕೆ ತಿರುಗುತ್ತದೆ ಅಷ್ಟೇ. ಅಡ್ಡಕ್ಕೆ ತಿರುಗಿದ್ದರಿಂದ ತಿರುವಿನಲ್ಲಿ ಲಾಭ ಇದೆ, ಇಲ್ಲ ಅನ್ನುವುದಿಲ್ಲ. ಸ್ಟೇರಿಂಗ್ ಚುರುಕಾಗುತ್ತದೆ, ಜೋರಾಗಿ ಓಡಿಸಿದಾಗ ರಬ್ಬರ್ ಬೇಗ ಕಾದು ಸೋಲುವುದಿಲ್ಲ. ಆದರೆ ನಿಂತ ನೀರನ್ನು ಪಕ್ಕಕ್ಕೆ ತಳ್ಳುವ ಕೆಲಸ ಅಗಲ ಟೈರ್‌ಗೆ ಜಾಸ್ತಿ. ಸವೆದ ಅಗಲ ಟೈರ್ ಮಳೆಯಲ್ಲಿ ನೀರಿನ ಮೇಲೆ ತೇಲುವುದು ಬೇಗ. ಚಳಿಗಾಲದಲ್ಲಿ ನಿಮ್ಮ ಕಡೆ ಮಳೆ ಬರುತ್ತದೆ, ನೆನಪಿರಲಿ.

ರ‍್ಯಾಲಿಯವರನ್ನು ನೋಡಿ. ವಿಶ್ವ ರ‍್ಯಾಲಿ ಪಂದ್ಯಗಳಲ್ಲಿ ಡಾಂಬರು ರಸ್ತೆಗೆ 235/40-18 ಹಾಕುತ್ತಾರೆ. ಅದೇ ಕಾರು ಜಲ್ಲಿ ಮಣ್ಣಿನ ದಾರಿಗೆ ಇಳಿದರೆ 205/65-15. ಎಷ್ಟು ಬೇಕಾದರೂ ದುಡ್ಡು ಸುರಿಯುವವರೇ ಮಣ್ಣಿಗೆ ಸಣ್ಣ ಟೈರ್ ಆರಿಸುತ್ತಾರೆ ಅಂದಮೇಲೆ, ಅಗಲ ಯಾವಾಗಲೂ ಮೇಲು ಅನ್ನುವುದು ಎಲ್ಲಿ ಬಂತು?

ಹಾಗಾದರೆ ಹಿಡಿತ ಎಲ್ಲಿಂದ ಬರುತ್ತದೆ? ಮೊದಲು ರಬ್ಬರಿನಿಂದ. ಟೈರಿನ ಪಕ್ಕದಲ್ಲಿ ಟ್ರೆಡ್‌ವೇರ್ ಅಂತ ಒಂದು ಸಂಖ್ಯೆ ಇರುತ್ತದೆ. 200, 300, 500 ಹೀಗೆ. ಸಂಖ್ಯೆ ದೊಡ್ಡದಾದಷ್ಟು ಟೈರ್ ನಿಧಾನ ಸವೆಯುತ್ತದೆ. ಸಣ್ಣ ಸಂಖ್ಯೆಯದು ಸಾಮಾನ್ಯವಾಗಿ ಮೆತ್ತಗಿನ ರಬ್ಬರು, ಅಂಟಿ ಹಿಡಿಯುತ್ತದೆ, ಬೇಗ ಮುಗಿಯುತ್ತದೆ. ಸಂಖ್ಯೆ ಕೊಡುವುದು ಆಯಾ ಕಂಪನಿಯೇ, ಆದ್ದರಿಂದ ಒಂದೇ ಕಂಪನಿಯ ಟೈರುಗಳ ನಡುವೆ ಹೋಲಿಸಿ ನೋಡಿ. 500ರ 245ಕ್ಕಿಂತ 300ರ 215 ನಿಮ್ಮನ್ನು ಆ ತಿರುವಿನಲ್ಲಿ ಚೆನ್ನಾಗಿ ಹಿಡಿದುಕೊಳ್ಳುತ್ತದೆ. ಈ ಮಾತನ್ನು ದಯವಿಟ್ಟು ನಂಬಿ.

ರಿಮ್ ವಿಷಯಕ್ಕೆ ಬರೋಣ. ನಿಮ್ಮದು 7 ಇಂಚು ಅಗಲದ ರಿಮ್. 245/40 ಆರ್17 ಟೈರ್‌ಗೆ ಬೇಕಾದ್ದು 8ರಿಂದ 9.5 ಇಂಚಿನ ರಿಮ್. ಅದನ್ನು 7 ಇಂಚಿಗೆ ತುರುಕಿದರೆ ಬಾಯಿ ಕಟ್ಟಿದ ಮೂಟೆಯ ಹಾಗೆ ಪಕ್ಕದ ಗೋಡೆ ಉಬ್ಬುತ್ತದೆ. ತಿರುವಿನಲ್ಲಿ ಟೈರ್ ರಿಮ್ ಮೇಲೆ ಅತ್ತಿತ್ತ ಓಲಾಡುತ್ತದೆ. ಹಿಡಿತಕ್ಕೆಂದು ಹಾಕಿದ ಟೈರಿನಿಂದ ಸ್ಟೇರಿಂಗ್ ಸಡಿಲ ಅನ್ನಿಸುತ್ತದೆ. 225/45 ಆರ್17ಗೆ 7ರಿಂದ 8.5 ಇಂಚು ನಡೆಯುತ್ತದೆ. ಅಂದರೆ ನಿಮ್ಮ ರಿಮ್‌ಗೆ ಅದೇ ಕೊನೆ.

ಎತ್ತರವನ್ನೂ ನೋಡಬೇಕು. 215/45 ಆರ್17ರ ಒಟ್ಟು ಎತ್ತರ 625 ಮಿ.ಮೀ. 225/45 ಹಾಕಿದರೆ 634, ನೂರಕ್ಕೆ ಒಂದೂವರೆಯಷ್ಟು ಜಾಸ್ತಿ, ಪರವಾಗಿಲ್ಲ. 245/40ಗೆ 628, ಅದೂ ಸರಿ. ಆದರೆ ‘45 ಇದ್ದದ್ದು 45 ಇರಲಿ’ ಅಂತ ಯಾರಾದರೂ 245/45 ಕೊಟ್ಟರೆ 652 ಆಗುತ್ತದೆ. ಆ 45 ಅನ್ನುವುದು ಅಗಲದ ನೂರಕ್ಕೆ 45. ಅಗಲ ಹೆಚ್ಚಿದರೆ ಎತ್ತರವೂ ಹೆಚ್ಚುತ್ತದೆ. ಆಗ ಮೀಟರ್ 100 ತೋರಿಸುವಾಗ ನೀವು ಮೊದಲಿಗಿಂತ 4ರಷ್ಟು ಜಾಸ್ತಿ ವೇಗದಲ್ಲಿರುತ್ತೀರಿ.

ಈಗ ನನ್ನ ತಮ್ಮನ ಕಥೆ. ಅವನು 9 ಇಂಚಿನ, 35 ಆಫ್‌ಸೆಟ್ ಇರುವ ರಿಮ್ ತಗೊಂಡ. ಆಫ್‌ಸೆಟ್ ಅಂದರೇನು ಅಂತ ಆಮೇಲೆ ಹೇಳುತ್ತೇನೆ. ಜೊತೆಗೆ 245/40 ಟೈರು. ಮೊದಲೇ ಕಾರನ್ನು ಸ್ಪ್ರಿಂಗ್ ಬದಲಿಸಿ ಕೆಳಗಿಳಿಸಿದ್ದ. ಹಾಕಿದ ಅಂಗಡಿಯವರು ಮಡ್‌ಗಾರ್ಡ್ ಒಳಗೆ ಬೆರಳು ಹಾಕಿ ‘ಬೇಕಾದಷ್ಟು ಜಾಗ ಇದೆ’ ಅಂದರಂತೆ. ನಾನು ಅವನ ಮನೆಗೆ ಹೋದಾಗ ಏರ್‌ಪೋರ್ಟಿಗೆ ಅದರಲ್ಲೇ ಬಂದ. ನನ್ನ ದೊಡ್ಡ ಸೂಟ್‌ಕೇಸು, ಮುಂದೆ ನಾವಿಬ್ಬರು. ದಾರಿಯಲ್ಲಿ ರಸ್ತೆ ತಗ್ಗಿದಲ್ಲೆಲ್ಲ ಹಿಂದಿನಿಂದ ಝರ್ ಅಂತ ಸದ್ದು, ಜೊತೆಗೆ ಸುಟ್ಟ ರಬ್ಬರಿನ ವಾಸನೆ. ‘ಅದು ಹಾಗೇ ಅಕ್ಕ, ಸ್ಪೋರ್ಟ್ಸ್ ಕಾರು’ ಅಂದ. ಮನೆ ಮುಟ್ಟಿದ ತಕ್ಷಣ, ಕಾಫಿಗೂ ಮೊದಲು, ಹಿಂದಿನ ಗಾಲಿ ಬಿಚ್ಚಿಸಿದೆ. ಒಳಗಿನ ಪ್ಲಾಸ್ಟಿಕ್ ಮೇಲೆ ಕಪ್ಪು ಶಾವಿಗೆ ಉದುರಿದ ಹಾಗೆ ರಬ್ಬರಿನ ಎಳೆಗಳು. ಟೈರಿನ ಹೊರ ಭುಜದಲ್ಲಿ ಸುತ್ತಲೂ ಒಂದು ಗೆರೆ, ಬೆರಳಿನ ಉಗುರು ಕೂರುವಷ್ಟು ಆಳ. ಮಡ್‌ಗಾರ್ಡಿನ ಒಳಕ್ಕೆ ಮಡಚಿದ ತಗಡು ಅಲ್ಲಿ ಕೊಯ್ಯುತ್ತಿತ್ತು. ಇನ್ನೊಂದು ತಿಂಗಳು ಹಾಗೇ ಓಡಿಸಿದ್ದರೆ ಹೆದ್ದಾರಿಯಲ್ಲಿ ಒಡೆಯುತ್ತಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ತಪ್ಪು ಎಲ್ಲಾಯಿತು ಅಂದರೆ, ಯಾರೂ ಲೆಕ್ಕ ಹಾಕಲಿಲ್ಲ. ಈ ಕಾರಿನ ಮೂಲ ರಿಮ್ 7 ಇಂಚು, ಆಫ್‌ಸೆಟ್ 48. ರಿಮ್‌ನ ನಡು ಗೆರೆಯಿಂದ ಬೋಲ್ಟ್ ಕೂರುವ ಮುಖ ಎಷ್ಟು ಮಿ.ಮೀ. ಹೊರಗಿದೆ ಅನ್ನುವುದೇ ಆಫ್‌ಸೆಟ್. 9 ಇಂಚು ಅಂದರೆ ಎರಡೂ ಕಡೆ ಒಂದೊಂದು ಇಂಚು, ಅಂದರೆ 25 ಮಿ.ಮೀ. ಹೆಚ್ಚಿತು. ಆಫ್‌ಸೆಟ್ 48ರಿಂದ 35ಕ್ಕೆ ಇಳಿದದ್ದರಿಂದ ಇಡೀ ಗಾಲಿ 13 ಮಿ.ಮೀ. ಹೊರಗೆ ಬಂತು. ರಿಮ್‌ನ ಹೊರ ಅಂಚು ಒಟ್ಟು 38 ಮಿ.ಮೀ. ಆಚೆ! ಅದೇ 8 ಇಂಚು, 45 ಆಫ್‌ಸೆಟ್ ತಗೊಂಡಿದ್ದರೆ ಹೊರಕ್ಕೆ 16, ಒಳಕ್ಕೆ 10. ಕಾರು ಕೆಳಗಿಳಿಸದಿದ್ದರೆ ಅದಕ್ಕೆ ಜಾಗ ಇದೆ.

ನೀವು ಮುಂದೆ ಯಾವತ್ತಾದರೂ ಅಗಲ ರಿಮ್ ಕೊಳ್ಳುವುದಾದರೆ ಒಂದು ಕೆಲಸ ಮಾಡಿ. ಮಕ್ಕಳು ಆಡುವ ಬಣ್ಣದ ಜೇಡಿ ಸಿಗುತ್ತದಲ್ಲ, ಅದನ್ನು ಮುಂದಿನ ಶಾಕ್ ಅಬ್ಸಾರ್ಬರ್‌ಗೆ ಟೈರ್ ಹತ್ತಿರ ಬರುವ ಕಡೆ, ಮಡ್‌ಗಾರ್ಡಿನ ಒಳ ಮಡಿಕೆಗೆ ಬೆರಳ ದಪ್ಪ ಮೆತ್ತಿ. ಹಿಂದಿನ ಸೀಟಿನಲ್ಲಿ ಇಬ್ಬರನ್ನು ಕೂರಿಸಿ. ಖಾಲಿ ಜಾಗದಲ್ಲಿ ಸ್ಟೇರಿಂಗ್ ಪೂರ್ತಿ ಆ ಕಡೆ ಈ ಕಡೆ ತಿರುಗಿಸಿ, ಹಂಪ್ ಮೇಲೆ ನಿಧಾನ ಹತ್ತಿ ಇಳಿಯಿರಿ. ಜೇಡಿ ಎಷ್ಟು ದಪ್ಪ ಉಳಿಯಿತೋ ಅಷ್ಟೇ ನಿಮಗಿರುವ ಜಾಗ. ಬೆರಳು ಹಾಕಿ ನೋಡುವುದು ಅಳತೆಯಲ್ಲ. ನಿಂತ ಕಾರಿನಲ್ಲಿ ಎಲ್ಲರಿಗೂ ಜಾಗ ಕಾಣುತ್ತದೆ.

ಹಿಂದೆ ಮಾತ್ರ ಅಗಲ ಹಾಕಿದರೆ ಏನಾಗುತ್ತದೆ? ಹಿಂಭಾಗ ಗಟ್ಟಿ ಹಿಡಿಯುತ್ತದೆ, ಮುಂಭಾಗ ಮೊದಲು ಸೋಲುತ್ತದೆ. ನೀವು ಸ್ಟೇರಿಂಗ್ ತಿರುಗಿಸುತ್ತೀರಿ, ಮೂಗು ನೇರ ಹೋಗುತ್ತದೆ. ಸ್ಕೈಲೈನ್‌ನಂಥ ಗುಡ್ಡದ ರಸ್ತೆಯಲ್ಲಿ ನೇರ ಅಂದರೆ ಎಲ್ಲಿಗೆ ಅಂತ ನಿಮಗೇ ಗೊತ್ತು. ನಾಲ್ಕಕ್ಕೂ ಒಂದೇ ಅಳತೆ ಅಂತ ಈ ಕಾರಿನ ಸಮತೋಲ ಕೂಡಿಸಿದ್ದಾರೆ. ಬ್ರೇಕಿನ ಎಬಿಎಸ್ ಮತ್ತು ಜಾರದಂತೆ ತಡೆಯುವ ವ್ಯವಸ್ಥೆ ನಾಲ್ಕು ಗಾಲಿಯ ಸುತ್ತುಗಳನ್ನು ಹೋಲಿಸುತ್ತಲೇ ಕೆಲಸ ಮಾಡುತ್ತವೆ. ಹಿಂದೆ ಮುಂದೆ ಎತ್ತರ ಬೇರೆಯಾದರೆ ಅವಕ್ಕೂ ಗೊಂದಲ. ಮುಂದಿನದು ಹಿಂದಕ್ಕೆ, ಹಿಂದಿನದು ಮುಂದಕ್ಕೆ ಹಾಕಿ ಸಮ ಸವೆಸಲೂ ಆಗದು. ಉಳಿಯಿತು ಅಂದುಕೊಂಡ ದುಡ್ಡು ಅಲ್ಲೇ ಹೋಯಿತು.

ನಾನಾಗಿದ್ದರೆ ಈಗಿನ ರಿಮ್ ಇಟ್ಟುಕೊಂಡು ನಾಲ್ಕಕ್ಕೂ ಒಂದೇ ಕಂಪನಿಯ, ಒಂದೇ ಮಾದರಿಯ 225/45 ಆರ್17 ಒಳ್ಳೆ ಬೇಸಿಗೆ ಟೈರ್ (ಹಿಮದ ರಸ್ತೆಗೆಂದು ಮಾಡಿದ್ದಲ್ಲ, ಆದರೆ ಮಳೆಗೂ ನಡೆಯುತ್ತದೆ) ಹಾಕುತ್ತಿದ್ದೆ. ಸಿಗದಿದ್ದರೆ 215/45ನಲ್ಲೇ ಒಳ್ಳೆಯದು. ಭಾರದ ಸಂಖ್ಯೆ 87ಕ್ಕಿಂತ ಕಡಿಮೆ ಬೇಡ. 87 ಅಂದರೆ ಒಂದು ಟೈರ್ 545 ಕಿಲೋ ಹೊರುತ್ತದೆ. ಹಾಕಿಸಿದ ಮೇಲೆ ಅಲೈನ್‌ಮೆಂಟ್ ಮಾಡಿಸಿ. ನಟ್ ಬಿಗಿಯುವುದು ಗಾಳಿ ಗನ್ನಿನಿಂದಲ್ಲ, ಬಿಗಿತ ಅಳೆಯುವ ಟಾರ್ಕ್ ಪಾನಾದಿಂದ, 120 ನ್ಯೂಟನ್ ಮೀಟರ್‌ಗೆ. ನೂರು ಕಿಲೋಮೀಟರ್ ಓಡಿಸಿ ಮತ್ತೊಮ್ಮೆ ನೋಡಿ. ಹೊಸ ಟೈರ್ ಮೇಲೆ ಮೊದಲ ಕೆಲವು ದಿನ ತೆಳು ಜಾರುವ ಪದರ ಇರುತ್ತದೆ, ಅಲ್ಲಿಯವರೆಗೆ ಗುಡ್ಡದ ಕಡೆ ಹೋಗಬೇಡಿ. ಪೂರ್ತಿ ಜೋರು ನೋಡಬೇಕು ಅನ್ನಿಸಿದರೆ ಟ್ರ್ಯಾಕ್ ದಿನಕ್ಕೆ, ಅಂದರೆ ರೇಸ್ ಟ್ರ್ಯಾಕಿನಲ್ಲಿ ನಮ್ಮ ಕಾರು ಓಡಿಸಲು ಬಿಡುವ ದಿನಕ್ಕೆ ಹೋಗಿ. ಊರಲ್ಲಿ ಅಮ್ಮ ಅಪ್ಪ ಫೋನಿಗೆ ಕಾಯುತ್ತಿರುತ್ತಾರೆ.

ಪ್ರಶ್ನೆ: ಮಂಗಳೂರಿನಲ್ಲಿದ್ದೇನೆ. ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ ಇದೆ, 185/60 ಆರ್15 ಟೈರ್. ಹಂಪ್‌ಗಳಿಗೆ ತಳ ಬಡಿಯುತ್ತದೆ. 195/60 ಹಾಕಬಹುದೇ ಮೇಡಂ?

ಉತ್ತರ: ಹಾಕಬಹುದು. ನಿಮ್ಮ ರಿಮ್‌ಗೆ ಕೂರುತ್ತದೆ. ಎತ್ತರ 603ರಿಂದ 615 ಮಿ.ಮೀ. ಆಗುತ್ತದೆ, ನೂರಕ್ಕೆ ಎರಡು. ಆದರೆ ಕಾರು ಮೇಲೇಳುವುದು ಅದರ ಅರ್ಧ, 6 ಮಿ.ಮೀ. ಮಾತ್ರ. ಅದಕ್ಕಾಗಿಯೇ ದುಡ್ಡು ಹಾಕಬೇಡಿ. ಟೈರ್ ಹೇಗೂ ಮುಗಿದಿದ್ದರೆ ಹಾಕಿ, ಗುಂಡಿಗಳಲ್ಲಿ ಸ್ವಲ್ಪ ಮೆತ್ತಗಿರುತ್ತದೆ. ತಳ ಬಡಿಯುವುದು ಈಚೆಗೆ ಶುರುವಾಗಿದ್ದರೆ ಮೊದಲು ಶಾಕ್ ಅಬ್ಸಾರ್ಬರ್ ತೋರಿಸಿ. ನಮ್ಮ ಅಂಗಡಿಗೆ ಇದೇ ದೂರು ಹೇಳಿಕೊಂಡು ಬರುವ ಕಾರುಗಳಲ್ಲಿ ಬಹಳಷ್ಟು ಸಲ ಎಣ್ಣೆ ಸೋರಿರುತ್ತದೆ.

ಪ್ರಶ್ನೆ: ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ನೋಡಿ ಬಂದೆ. ಅಗಲ ಟೈರು, ಗುಂಡಿ ಗೆರೆಗಳೆಲ್ಲ ಹೊಸದರಂತಿವೆ. ಮಾರುವವರು ‘ಟೈರ್ ಖರ್ಚು ಇಲ್ಲ’ ಅನ್ನುತ್ತಾರೆ. ನಂಬಬಹುದೇ? (ಹುಬ್ಬಳ್ಳಿಯಿಂದ)

ಉತ್ತರ: ಟೈರ್ ಪಕ್ಕದಲ್ಲಿ ಡಿಒಟಿ ಅಂತ ಶುರುವಾಗುವ ಸಾಲು ಹುಡುಕಿ. ಅದರ ಕೊನೆಯ ನಾಲ್ಕು ಅಂಕಿ ನೋಡಿ. 2214 ಅಂದರೆ 2014ರ 22ನೇ ವಾರದಲ್ಲಿ ತಯಾರಾದದ್ದು. ಒಂದು ಪಕ್ಕದಲ್ಲಿ ಅಂಕಿ ಕಾಣದಿದ್ದರೆ ಒಳ ಪಕ್ಕದಲ್ಲಿರುತ್ತದೆ, ಬ್ಯಾಟರಿ ಹಿಡಿದು ಬಗ್ಗಿ ನೋಡಿ. ನಾಲ್ಕೂ ಟೈರ್ ನೋಡಿ, ಸ್ಟೆಪ್ನಿಯನ್ನೂ ಬಿಡಬೇಡಿ. ಹತ್ತು ವರ್ಷ ದಾಟಿದ್ದರೆ ಗೆರೆ ಎಷ್ಟೇ ಆಳ ಇರಲಿ, ನಾಲ್ಕು ಹೊಸ ಟೈರಿನ ಬೆಲೆಯನ್ನು ಕಾರಿನ ಬೆಲೆಯಲ್ಲಿ ಕಳೆದು ಮಾತಾಡಿ. ಆ ಕಾರನ್ನು ಹುಬ್ಬಳ್ಳಿಗೆ ಓಡಿಸಿಕೊಂಡು ಬರುವ ಮೊದಲೇ ಟೈರ್ ಬದಲಿಸಿ.